ಮೂವತ್ತು ಮಿಲಿಮೀಟರಿನ ರಸಿಕತೆ

ಸ್ಟೇಷನ್ ವ್ಯಾಗನ್ ಎಂಬುದು ಸಾಮಾನು ಹೇರುವುದಕ್ಕೆಂದೇ ಮಾಡನ್ನು ಡಿಕ್ಕಿಯ ತುದಿಯವರೆಗೂ ಚಾಚಿಕೊಂಡ ಕಾರು; ಆದ್ದರಿಂದ ಅದನ್ನು ನೆಲಕ್ಕೆ ತಗ್ಗಿಸಿ ಕೂರಿಸುವ ಹವ್ಯಾಸದೊಳಗೆ ಮೊದಲಿನಿಂದಲೂ ಒಂದು ವಿರೋಧ ಅಡಗಿದೆ. ಸೆಡಾನ್ ಕಾರನ್ನು ತಗ್ಗಿಸುವವರು ಹೆಚ್ಚೆಂದರೆ ನಾಲ್ಕೈದು ಜನರ ಭಾರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸಾಕು. ವ್ಯಾಗನ್ನಿನಲ್ಲಿ ಮಾತ್ರ ಹಿಂದಿನ ಟೈರಿಗೂ ಅದರ ಮೇಲಿನ ಮಡ್‌ಗಾರ್ಡಿನ ಕಮಾನಿಗೂ ನಡುವೆ ಕಾಣುವ ಅಂತರ, ನೋಡುವ ಕಣ್ಣಿಗೆ ಎಷ್ಟೇ ಪೋಲಾದ ಜಾಗದಂತೆ ತೋರಿದರೂ, ಮುಂದೆಂದೋ ಹೇರಲಿರುವ ಭಾರಕ್ಕಾಗಿ ತಯಾರಕರು ಕಾದಿರಿಸಿದ ಎತ್ತರವಾಗಿರುತ್ತದೆ. ಆ ಎತ್ತರದಲ್ಲಿ ಎಷ್ಟನ್ನು ಚೆಲುವಿಗೆ ಕೊಡಬಹುದು, ಎಷ್ಟನ್ನು ಕೆಲಸಕ್ಕೆ ಉಳಿಸಬೇಕು ಎಂಬುದನ್ನು ಮಿಲಿಮೀಟರುಗಳಲ್ಲಿ ತೂಗುವುದೇ ಈ ಹವ್ಯಾಸದ ಸೊಗಸು. ಈ ತೂಕವನ್ನು ಮರೆತು ಬರಿಯ ತಗ್ಗಿಗೆ ಮರುಳಾದವರ ವ್ಯಾಗನ್ನುಗಳು ಚಿತ್ರದಲ್ಲಿ ಚೆನ್ನಾಗಿ ಕಾಣುತ್ತವೆ, ಅಷ್ಟೆ.

ಇದರ ಸೂಕ್ಷ್ಮಗಳನ್ನು ನೋಡುವುದಕ್ಕೆ ಸ್ವೀಡನ್ನಿನ ವೋಲ್ವೋ 850 ವ್ಯಾಗನ್ನಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಕರ್ನಾಟಕದ ಓದುಗರಿಗೆ ವೋಲ್ವೋ ಎಂದೊಡನೆ ರಾತ್ರಿಯ ಬಸ್ಸೇ ನೆನಪಾಗುವುದು ಸಹಜವಾದರೂ ಇಲ್ಲಿಯ ಮಾತು ಆ ಹೆಸರಿನ ಕಾರಿನದು. 1991ರಲ್ಲಿ ಸೆಡಾನ್ ಆಗಿ ಬಂದ 850ಕ್ಕೆ 1993ರಲ್ಲಿ ವ್ಯಾಗನ್ ರೂಪ ದೊರೆಯಿತು. ಅದರ ಬೆನ್ನು ಬಹುಮಟ್ಟಿಗೆ ನೆಟ್ಟಗೆ ಇಳಿಯುತ್ತದೆ, ಹಿಂದಿನ ದೀಪಗಳು ಮೂಲೆಯ ಕಂಬದ ಉದ್ದಕ್ಕೂ ಮೇಲೇರುತ್ತವೆ, ಮಾಡು ಮುಂದಿನಿಂದ ಹಿಂದಿನವರೆಗೆ ಹೆಚ್ಚು ಬಾಗದೆ ಸಾಗುತ್ತದೆ. ಮರುವರ್ಷ, ಅಂದರೆ 1994ರಲ್ಲಿ, ಟಾಮ್ ವಾಕಿನ್‌ಶಾ ಅವರ ತಂಡ ಈ ವ್ಯಾಗನ್ನನ್ನೇ ಬ್ರಿಟಿಷ್ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್‌ನ ಪಂದ್ಯಗಳಿಗೆ ಇಳಿಸಿತು. ರಿಕಾರ್ಡ್ ರೂಡೆಲ್ ಮತ್ತು ಯಾನ್ ಲಾಮರ್ಸ್ ಅದರ ಚಾಲಕರು. ಮುಂದಿನ ವರ್ಷವೇ ತಂಡ ಸೆಡಾನಿಗೆ ಮರಳಿತಾದರೂ, ಅಗಲ ಚಕ್ರಗಳ ಮೇಲೆ ನೆಲಕ್ಕೆ ಒತ್ತಿಕೊಂಡು ತಿರುವುಗಳಲ್ಲಿ ಏರಿ ಬರುತ್ತಿದ್ದ ಆ ಉದ್ದನೆಯ ಕಾರಿನ ರೂಪ ಜನರ ಕಣ್ಣಿನಿಂದ ಮರೆಯಾಗಲಿಲ್ಲ, ಮತ್ತು ವ್ಯಾಗನ್ನುಗಳನ್ನು ತಗ್ಗಿಸುವ ಬಯಕೆಗೆ ಅದು ಇಂದಿಗೂ ಒಂದು ಮಾದರಿಯಾಗಿ ಉಳಿದಿದೆ. ಮಾದರಿ ತುಸು ಮೋಸದ್ದು: ಪಂದ್ಯದ ಕಾರಿಗೆ ಸಾಮಾನು ಹೊರುವ ಹಂಗೇ ಇರಲಿಲ್ಲವಾದ್ದರಿಂದ ಅದರ ಎಂಜಿನಿಯರುಗಳು ಬೇಕೆಂದಷ್ಟು ತಗ್ಗಿಸಬಹುದಿತ್ತು.

ಕಾರನ್ನು ತಗ್ಗಿಸುವ ಸ್ಪ್ರಿಂಗ್ ಎಂದರೆ ಮೂಲದ್ದಕ್ಕಿಂತ ಗಿಡ್ಡವಾದ, ಸಾಮಾನ್ಯವಾಗಿ ಅದಕ್ಕಿಂತ ಬಿಗಿಯಾದ ಉಕ್ಕಿನ ಸುರುಳಿ. ಬಿಗಿತವೆಂದರೆ ಸುರುಳಿಯನ್ನು ಒಂದು ಮಿಲಿಮೀಟರ್ ಕುಗ್ಗಿಸಲು ಬೇಕಾಗುವ ಬಲ. ಅದು ಸುರುಳಿಯ ವ್ಯಾಸ ಹೆಚ್ಚಿದಂತೆ ಮತ್ತು ಸುತ್ತುಗಳ ಸಂಖ್ಯೆ ಹೆಚ್ಚಿದಂತೆ ಇಳಿಯುತ್ತದೆ; ತಂತಿಯ ದಪ್ಪ ಹೆಚ್ಚಿದರೆ ಮಾತ್ರ ದಪ್ಪದ ನಾಲ್ಕನೆಯ ಘಾತದ ಪ್ರಮಾಣದಲ್ಲಿ ಏರುತ್ತದೆ. ಹೀಗಾಗಿ ತಂತಿಯನ್ನು ಶೇಕಡಾ 10ರಷ್ಟು ದಪ್ಪ ಮಾಡಿದರೆ ಸ್ಪ್ರಿಂಗ್ ಶೇಕಡಾ 46ರಷ್ಟು ಬಿಗಿಯಾಗುತ್ತದೆ, ಮತ್ತು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದೇ ಎನಿಸುವ ಎರಡು ಸುರುಳಿಗಳು ರಸ್ತೆಯ ಮೇಲೆ ಎರಡು ಬೇರೆ ಕಾರುಗಳನ್ನೇ ಸೃಷ್ಟಿಸಬಲ್ಲವು. ಕೆಲವು ಸ್ಪ್ರಿಂಗುಗಳ ಒಂದು ತುದಿಯಲ್ಲಿ ಸುತ್ತುಗಳನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ಭಾರ ಬಿದ್ದಂತೆ ಆ ಸುತ್ತುಗಳು ಒಂದರ ಮೇಲೊಂದು ಕೂತು ನಿಷ್ಕ್ರಿಯವಾಗುತ್ತವೆ, ಉಳಿದ ಸುತ್ತುಗಳಷ್ಟೇ ದುಡಿಯುವುದರಿಂದ ಬಿಗಿತ ತಾನಾಗಿ ಏರುತ್ತದೆ. ಖಾಲಿಯಿದ್ದಾಗ ಮೆದುವಾಗಿದ್ದು ಹೇರು ಬಿದ್ದಾಗ ಗಟ್ಟಿಯಾಗಬೇಕಾದ ವ್ಯಾಗನ್ನಿನ ಹಿಂಭಾಗಕ್ಕೆ ಈ ಬಗೆ ಒಪ್ಪುತ್ತದೆ. ಮೂಲ ಸ್ಪ್ರಿಂಗಿನ ಒಂದೆರಡು ಸುತ್ತುಗಳನ್ನು ಕತ್ತರಿಸಿ ಕಾರನ್ನು ತಗ್ಗಿಸುವ ಅಡ್ಡದಾರಿಯೂ ಇದೆ. ತುದಿ ತನ್ನ ಪೀಠದಲ್ಲಿ ಸರಿಯಾಗಿ ಕೂರದ, ಚಕ್ರ ಜೋತುಬಿದ್ದಾಗ ಸಡಿಲವಾಗಿ ಅಲುಗಾಡುವ ಅಂಥ ಕೆಲಸದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ.

ಲೆಕ್ಕ ಹಾಕಿ ನೋಡಿದರೆ ವ್ಯಾಗನ್ನಿನ ಕಷ್ಟ ಇನ್ನೂ ಸ್ಪಷ್ಟವಾಗುತ್ತದೆ. ಹಿಂದಿನ ಒಂದೊಂದು ಚಕ್ರದಲ್ಲಿ ಅಳೆದ ಬಿಗಿತ ಮಿಲಿಮೀಟರಿಗೆ 25 ನ್ಯೂಟನ್ ಎಂದಿಟ್ಟುಕೊಂಡು, ಹಿಂದಿನ ಆಕ್ಸಲಿನ ಮೇಲೆ 200 ಕಿಲೋ ಹೇರಿದರೆ, ಪ್ರತಿ ಚಕ್ರಕ್ಕೆ ಸುಮಾರು 980 ನ್ಯೂಟನ್ ಬಿದ್ದು ಕಾರಿನ ಹಿಂಭಾಗ 39 ಮಿಲಿಮೀಟರಿನಷ್ಟು ಕುಸಿಯುತ್ತದೆ. ಅದರ ಬದಲು 30 ಮಿಲಿಮೀಟರ್ ತಗ್ಗಿಸುವ, ಶೇಕಡಾ 20ರಷ್ಟು ಬಿಗಿಯಾದ ಸ್ಪ್ರಿಂಗ್ ಹಾಕಿದರೆ ಅದೇ ಭಾರಕ್ಕೆ ಕುಸಿತ 33 ಮಿಲಿಮೀಟರಿಗೆ ಇಳಿಯುವುದು ನಿಜ. ಆದರೆ ಕಳೆದುಕೊಂಡ ಮೂವತ್ತರಲ್ಲಿ ಮರಳಿ ಬಂದದ್ದು ಕೇವಲ ಆರು. ಬಿಗಿತವು ಎತ್ತರದ ನಷ್ಟವನ್ನು ತುಂಬಿಕೊಡುತ್ತದೆ ಎಂದು ನಂಬುವವರು ಈ ಒಂದು ಲೆಕ್ಕವನ್ನು ಕೈಯಾರೆ ಮಾಡಿ ನೋಡಬೇಕು. ಉಳಿದ ಕುಸಿತ ಕೊನೆಗೆ ಬಂದು ಮುಟ್ಟುವುದು ಬಂಪ್ ಸ್ಟಾಪಿಗೆ, ಎಂದರೆ ಶಾಕ್ ಅಬ್ಸಾರ್ಬರಿನ ದಂಡದ ಮೇಲೆ ಕೊನೆಯ ಆಘಾತ ತಡೆಯಲು ಕೂರಿಸಿದ ರಬ್ಬರ್ ಅಥವಾ ಫೋಮ್ ತುಂಡಿಗೆ. ಅದರ ಮೇಲೆಯೇ ಸದಾ ಕೂತು ಓಡುವ ಕಾರಿಗೆ ಸ್ಪ್ರಿಂಗ್ ಇದ್ದೂ ಇಲ್ಲದಂತೆ.

ಬಿಗಿತವನ್ನು ಮುಂದೆ ಎಷ್ಟು, ಹಿಂದೆ ಎಷ್ಟು ಇಡಬೇಕೆಂಬುದೂ ಹಳೆಯ ಪ್ರಶ್ನೆಯೇ. ಮೊದಲು ರೋಲ್ಸ್ ರಾಯ್ಸ್‌ನಲ್ಲಿ ದುಡಿದು, 1930ರ ದಶಕದಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸೇರಿದ್ದ ಮಾರಿಸ್ ಓಲಿ ಎಂಬ ಎಂಜಿನಿಯರು ಕಂಡುಕೊಂಡಂತೆ, ಕಾರಿನ ಹಿಂಭಾಗ ಮುಂಭಾಗಕ್ಕಿಂತ ತುಸು ವೇಗವಾಗಿ ಕುಲುಕಬೇಕು. ರಸ್ತೆಯ ಉಬ್ಬನ್ನು ಮುಂದಿನ ಚಕ್ರ ಮೊದಲು ಹತ್ತುವುದರಿಂದ, ತಡವಾಗಿ ಹೊರಟ ಹಿಂಭಾಗ ಬೇಗ ಕುಲುಕಿ ಮುಂಭಾಗವನ್ನು ಸೇರಿಕೊಂಡರೆ ಕಾರು ತೊನೆಯದೆ ಮಟ್ಟಸವಾಗಿ ಏರಿಳಿಯುತ್ತದೆ. ಹೇರು ಬಿದ್ದ ವ್ಯಾಗನ್ನಿನಲ್ಲಿ ಈ ಸಂಬಂಧ ತಲೆಕೆಳಗಾಗುತ್ತದೆ, ಏಕೆಂದರೆ ಭಾರ ಹೆಚ್ಚಿದಷ್ಟೂ ಅದೇ ಸ್ಪ್ರಿಂಗ್ ನಿಧಾನವಾಗಿ ಕುಲುಕುತ್ತದೆ. ಖಾಲಿ ವ್ಯಾಗನ್ನಿಗೆ ಸರಿಯೆನಿಸಿದ ಜೋಡಿ ತುಂಬಿದ ವ್ಯಾಗನ್ನಿಗೆ ಸರಿಯೆನಿಸದಿರುವುದಕ್ಕೆ ಇದೇ ಕಾರಣ. ಪೂರ್ಣ ಉತ್ತರವಿಲ್ಲದ ಈ ಸಮಸ್ಯೆಯೇ ಹವ್ಯಾಸಿಯ ಆಸಕ್ತಿಯನ್ನು ಜೀವಂತವಾಗಿ ಇಡುತ್ತದೆ ಎನ್ನಬೇಕು.

ವೋಲ್ವೋ ವ್ಯಾಗನ್ನುಗಳ ಮಟ್ಟಿಗೆ ಪೂರ್ಣ ಉತ್ತರಕ್ಕೆ ಬಹಳ ಹತ್ತಿರ ಬಂದದ್ದು ನಿವೋಮ್ಯಾಟ್ ಎಂಬ ಜರ್ಮನ್ ಶಾಕ್ ಅಬ್ಸಾರ್ಬರ್. ಸಾಧಾರಣ ಶಾಕ್ ಅಬ್ಸಾರ್ಬರ್ ಭಾರವನ್ನು ಹೊರುವುದಿಲ್ಲ; ಸ್ಪ್ರಿಂಗಿನ ಕುಲುಕನ್ನು ಎಣ್ಣೆಯ ತಡೆಯಿಂದ ಹಿಡಿದು ನಿಲ್ಲಿಸುವುದಷ್ಟೇ ಅದರ ಕೆಲಸ. ನಿವೋಮ್ಯಾಟ್ ಹಾಗಲ್ಲ. ಹೇರಿನ ಭಾರಕ್ಕೆ ಕುಸಿದ ಕಾರು ರಸ್ತೆಗಿಳಿದು ಸ್ವಲ್ಪ ದೂರ ಓಡುವಷ್ಟರಲ್ಲಿ, ಚಕ್ರಗಳ ಏರಿಳಿತವನ್ನೇ ಪಂಪಿನ ಹೊಡೆತವಾಗಿ ಬಳಸಿಕೊಂಡು, ತನ್ನೊಳಗಿನ ಎಣ್ಣೆಯನ್ನು ಅನಿಲದ ಒತ್ತಡಕ್ಕೆದುರಾಗಿ ತಳ್ಳಿ, ಎಂಜಿನ್ನಿನಿಂದಾಗಲಿ ವಿದ್ಯುತ್ತಿನಿಂದಾಗಲಿ ಚೂರೂ ನೆರವು ಪಡೆಯದೆ ಅದು ಹಿಂಭಾಗವನ್ನು ಮೊದಲಿನ ಮಟ್ಟಕ್ಕೆ ಎತ್ತುತ್ತದೆ. ತುಂಬಿದ ಕಾರು ಹೊರಡುವಾಗ ಹಿಂದಕ್ಕೆ ಜೋಲುತ್ತ ಹೋಗಿ, ಮುಂದಿನ ಊರು ಮುಟ್ಟುವ ಹೊತ್ತಿಗೆ ನೆಟ್ಟಗಾಗಿರುವುದನ್ನು ನೋಡುವುದೇ ಒಂದು ಸಂತೋಷ. ತಗ್ಗಿಸಲು ಹೊರಟವರು ಎಚ್ಚರ ತಪ್ಪುವುದೂ ಇಲ್ಲಿಯೇ. ಭಾರದ ಒಂದು ಪಾಲನ್ನು ನಿವೋಮ್ಯಾಟ್ ತಾನೇ ಹೊರುವುದರಿಂದ ಅದರ ಜೊತೆಗಿನ ಸ್ಪ್ರಿಂಗುಗಳು ಮೆದುವಾಗಿರುತ್ತವೆ; ಸಾಧಾರಣ ವ್ಯಾಗನ್ನಿಗೆಂದು ಮಾಡಿದ ಸ್ಪ್ರಿಂಗನ್ನು ಅದರ ಜೊತೆ ಹಾಕಿದರೆ ಕಾರಿನ ಹಿಂಭಾಗ ತಗ್ಗುವುದಿರಲಿ, ಇನ್ನಷ್ಟು ಎದ್ದು ನಿಲ್ಲಬಹುದು. ನಿವೋಮ್ಯಾಟನ್ನು ತೆಗೆದು ಸಾಧಾರಣ ಶಾಕ್ ಅಬ್ಸಾರ್ಬರ್ ಹಾಕಿ ಹಳೆಯ ಮೆದು ಸ್ಪ್ರಿಂಗನ್ನೇ ಉಳಿಸಿಕೊಂಡವರ ಕಾರು ಖಾಲಿಯಿದ್ದಾಗಲೂ ಕುಸಿದು ಕೂರುತ್ತದೆ. ಇವೆರಡನ್ನು ಜೋಡಿಯಾಗಿಯೇ ಉಳಿಸಬೇಕು, ಬದಲಿಸುವುದಾದರೆ ಜೋಡಿಯಾಗಿಯೇ ಬದಲಿಸಬೇಕು. ವ್ಯಾಗನ್ನನ್ನು ನಿಜವಾಗಿಯೂ ಹೇರಿಗೆ ಬಳಸುವವರು ಹಿಂದೆ ನಿವೋಮ್ಯಾಟನ್ನು ಅದರ ಮೂಲ ಸ್ಪ್ರಿಂಗಿನೊಂದಿಗೆ ಬಿಟ್ಟು ಮುಂಭಾಗವನ್ನಷ್ಟೇ ಸ್ವಲ್ಪ ಇಳಿಸಿದರೆ, ಅದರಲ್ಲಿ ಹೇಡಿತನವೇನೂ ಇಲ್ಲ.

ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಂತೆ ನಿಂತು, ಕೆಳಗೆ ಒಂದೇ ತೋಳಿನ ಆಧಾರದಲ್ಲಿ ಚಕ್ರವನ್ನು ಹಿಡಿದಿಡುವ ವ್ಯವಸ್ಥೆ. ಕಾರನ್ನು ಅತಿಯಾಗಿ ತಗ್ಗಿಸಿದರೆ ಆ ಕೆಳತೋಳಿನ ಹೊರತುದಿ ಒಳತುದಿಗಿಂತ ಮೇಲಾಗುತ್ತದೆ, ಮತ್ತು ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಕಾರಿನ ಗುರುತ್ವಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ; ಎರಡರ ನಡುವಿನ ಅಂತರ ಬೆಳೆದು, ತಗ್ಗಿಸಿದ ಕಾರು ತಗ್ಗಿಸದ ಕಾರಿಗಿಂತ ಹೆಚ್ಚು ವಾಲಲು ಹವಣಿಸುತ್ತದೆ. ತಗ್ಗಿಸುವುದನ್ನು ಮೂವತ್ತು ಮಿಲಿಮೀಟರಿನ ಆಸುಪಾಸಿನಲ್ಲಿ ನಿಲ್ಲಿಸುವುದು ಜಾಣತನವೆಂಬುದಕ್ಕೆ ಇದೂ ಒಂದು ಆಧಾರ.

ಬಿಡಿಭಾಗಗಳನ್ನು ಕೂರಿಸುವಾಗ ಬರಿಗಣ್ಣಿಗೆ ಬೀಳದ ಒಂದು ಕೆಲಸವಿದೆ. ಸಸ್ಪೆನ್ಷನ್ನಿನ ತೋಳುಗಳ ಬುಡದಲ್ಲಿ ಬುಷ್ ಎಂಬ ರಬ್ಬರಿನ ಬಳೆಗಳಿರುತ್ತವೆ. ಕಾರನ್ನು ಜಾಕಿನ ಮೇಲೆ ಎತ್ತಿ, ಚಕ್ರಗಳು ಜೋತಾಡುತ್ತಿರುವಾಗಲೇ ಅವುಗಳ ಬೋಲ್ಟನ್ನು ಬಿಗಿದರೆ, ಕಾರು ಕೆಳಗಿಳಿದೊಡನೆ ರಬ್ಬರು ತಿರುಚಿಕೊಂಡು, ಆ ತಿರುಚಿನಲ್ಲಿಯೇ ಬಾಳಿ ಬೇಗ ಹರಿಯುತ್ತದೆ. ಬಲ್ಲ ಮೆಕ್ಯಾನಿಕ್ ಬೋಲ್ಟುಗಳನ್ನು ಸಡಿಲವಾಗಿಯೇ ಬಿಟ್ಟು, ಕಾರಿನ ಭಾರವನ್ನು ಚಕ್ರಗಳಿಗೆ ಇಳಿಸಿ, ಮುಂದಕ್ಕೆ ಹಿಂದಕ್ಕೆ ನಾಲ್ಕು ಸಲ ಉರುಳಿಸಿ, ಆಮೇಲೆ ಅಡಿಗೆ ತೂರಿ ಬಿಗಿಯುತ್ತಾನೆ. ಅಳೆಯುವುದಕ್ಕೂ ಒಂದು ಶಿಸ್ತುಂಟು: ಟೇಪನ್ನು ನೆಲದಿಂದ ಹಿಡಿದರೆ ಟೈರಿನ ಸವೆತ ಮತ್ತು ಗಾಳಿ ಲೆಕ್ಕವನ್ನು ಕೆಡಿಸುತ್ತವೆ, ಆದ್ದರಿಂದ ಚಕ್ರದ ನಡುಮಧ್ಯದಿಂದ ಕಮಾನಿನ ಅಂಚಿನವರೆಗೆ ನಾಲ್ಕೂ ಮೂಲೆಗಳಲ್ಲಿ ಅಳೆದು, ಕೆಲವು ವಾರಗಳ ಓಡಾಟದಲ್ಲಿ ಸ್ಪ್ರಿಂಗುಗಳು ತಮ್ಮ ಜಾಗದಲ್ಲಿ ಕೂತ ಮೇಲೆ ಮತ್ತೊಮ್ಮೆ ಅಳೆಯಬೇಕು. ಅಲೈನ್‌ಮೆಂಟ್ ಮಾಡಿಸುವುದೂ ಹೆಡ್‌ಲೈಟುಗಳ ಮುಖವನ್ನು ಸರಿಪಡಿಸುವುದೂ ಆಗಲೇ.

ಇನ್ನು ಚಕ್ರ. ಇಲ್ಲಿ ಸಂಖ್ಯೆಗಳು ಹಟಮಾರಿಗಳು. ಬಹುತೇಕ 850ಗಳ ಚಕ್ರಕ್ಕೆ ಐದು ಬೋಲ್ಟುಗಳಿದ್ದು ಅವು 108 ಮಿಲಿಮೀಟರ್ ವ್ಯಾಸದ ವೃತ್ತದ ಮೇಲೆ ಕೂತಿವೆ, ಚಕ್ರದ ನಡುವಣ ರಂಧ್ರ 65.1 ಮಿಲಿಮೀಟರ್. ಫೋರ್ಡ್ ಕಂಪನಿಯ ಎಷ್ಟೋ ಚಕ್ರಗಳಲ್ಲಿ ಬೋಲ್ಟಿನ ವೃತ್ತ ಇದೇ ಆದರೂ ನಡುವಣ ರಂಧ್ರ 63.4 ಆಗಿರುವುದರಿಂದ, ಎರಡು ಮಿಲಿಮೀಟರಿಗಿಂತ ಕಡಿಮೆ ಲೋಹ ಅಡ್ಡ ನಿಂತು ಚಕ್ರ ವೋಲ್ವೋದ ಹಬ್ಬಿಗೆ, ಎಂದರೆ ಆಕ್ಸಲಿನ ತುದಿಯಲ್ಲಿ ಚಕ್ರ ಕೂರುವ ಭಾಗಕ್ಕೆ, ಏರುವುದೇ ಇಲ್ಲ. ಆಮೇಲೆ ಆಫ್‌ಸೆಟ್, ಅಂದರೆ ಚಕ್ರದ ಅಗಲದ ನಟ್ಟನಡು ಗೆರೆಗೂ ಅದು ಹಬ್ಬಿಗೆ ಒತ್ತುವ ಮುಖಕ್ಕೂ ನಡುವಿನ ದೂರ. 850ರಲ್ಲಿ ಅದು 43 ಮಿಲಿಮೀಟರ್. ಏಳು ಇಂಚು ಅಗಲದ, 43 ಆಫ್‌ಸೆಟ್ಟಿನ ಚಕ್ರವನ್ನು ತೆಗೆದು ಎಂಟು ಇಂಚಿನ, 35 ಆಫ್‌ಸೆಟ್ಟಿನದನ್ನು ಹಾಕಿದರೆ ಹೊರ ಅಂಚು ಸುಮಾರು 21 ಮಿಲಿಮೀಟರ್ ಹೊರಕ್ಕೆ ಬರುತ್ತದೆ, ಒಳ ಅಂಚು ಐದರಷ್ಟು ಒಳಕ್ಕೆ ಸರಿಯುತ್ತದೆ. ಸ್ಪ್ರಿಂಗ್ ತಗ್ಗಿಸಿದ ಕಾರಿನಲ್ಲಿ, ಹಿಂದೆ ಹೇರು ಬಿದ್ದಾಗ, ಆ ಹೊರ ಅಂಚು ಕಮಾನಿನ ಒಳಮಡಿಕೆಯನ್ನು ಕೆರೆಯದೆ ಬಿಡುವುದಿಲ್ಲ. ಸ್ಪ್ರಿಂಗನ್ನೂ ಚಕ್ರವನ್ನೂ ಬೇರೆಬೇರೆ ಖರೀದಿಗಳೆಂದು ತಿಳಿಯುವವರಿಗೆ ಈ ಕೆರೆತದ ಸದ್ದೇ ಪಾಠ ಹೇಳುತ್ತದೆ.

ವ್ಯಾಸದ ವಿಷಯದಲ್ಲಿ ಕಣ್ಣು ಮೋಸ ಹೋಗುತ್ತದೆ. 195/60 ಅಳತೆಯ 15 ಇಂಚಿನ ಟೈರಿನ ಒಟ್ಟು ವ್ಯಾಸ 615 ಮಿಲಿಮೀಟರ್, 205/50 ಅಳತೆಯ 16 ಇಂಚಿನದು 611, 205/45 ಅಳತೆಯ 17 ಇಂಚಿನದು 616. ಚಕ್ರ ದೊಡ್ಡದಾದಂತೆ ತೆಳುವಾಗುವುದು ರಬ್ಬರಿನ ಗೋಡೆ ಮಾತ್ರ, ಕಮಾನಿನ ಅಂತರವಲ್ಲ. 850ರ 1995ರ ಟಿ-5ಆರ್ ಮಾದರಿಗೆ ವೋಲ್ವೋ ಸ್ವತಃ 17 ಇಂಚಿನ ಚಕ್ರ ಕೊಟ್ಟಿತು, ಅದು ಚೆನ್ನಾಗಿ ಕಾಣುತ್ತದೆ ಎಂಬುದರಲ್ಲೂ ವಾದವಿಲ್ಲ. ಆದರೂ ಕೆಲಸದ ವ್ಯಾಗನ್ನಿಗೆ 16 ಇಂಚೇ ಮೇಲು: ಹೊಂಡದ ಏಟನ್ನು ತಾಳುವಷ್ಟು ರಬ್ಬರ್ ಉಳಿಯುತ್ತದೆ, ಮತ್ತು ಅದರ ಟೈರುಗಳಲ್ಲಿ ಹೆಚ್ಚಿನ ಭಾರ ಹೊರುವವು ಸುಲಭವಾಗಿ ಸಿಗುತ್ತವೆ. ಟೈರಿನ ಪಕ್ಕದಲ್ಲಿ ಅಚ್ಚಾದ ಭಾರಸೂಚ್ಯಂಕ 84 ಎಂದರೆ ಅದು 500 ಕಿಲೋ ಹೊರುತ್ತದೆ, 87 ಎಂದರೆ 545, 91 ಎಂದರೆ 615. ಚಕ್ರದ ವಿನ್ಯಾಸಕ್ಕೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವರು ಈ ಎರಡಂಕಿಯನ್ನು ನೋಡದೆ ಟೈರು ಕೊಳ್ಳುವುದು ವಿಚಿತ್ರ. ವೋಲ್ವೋ ತನ್ನ ಚಕ್ರಗಳಲ್ಲಿ ಹಲವಕ್ಕೆ ಆಕಾಶದ ನಕ್ಷತ್ರಪುಂಜಗಳ ಹೆಸರಿಟ್ಟಿತ್ತು. ಕೊಲಂಬಾ, ವೋಲಾನ್ಸ್, ಹಳೆಯ 240 ಕಾರಿನ ವಿರ್ಗೋ ಮೊದಲಾದವುಗಳಲ್ಲಿ ಮೂಲ ಚಕ್ರವೊಂದನ್ನು ಹುಡುಕಿ, ಕಾರ್ಖಾನೆಯಿಂದಲೇ ಹೀಗೆ ಬಂದಿತೋ ಏನೋ ಎನಿಸುವಂತೆ ಕೂರಿಸುವುದು ಅಂಗಡಿಯ ಥಳುಕಿನ ಚಕ್ರಕ್ಕಿಂತ ಹೆಚ್ಚು ಅಭಿರುಚಿಯ ಕೆಲಸ.

ಈ ಎಲ್ಲ ಲೆಕ್ಕ ಯುರೋಪಿನ ನುಣುಪು ರಸ್ತೆಗಳದು; ಭಾರತದ ರಸ್ತೆಗಳಿಗೆ ಅದು ಹಾಗೆಯೇ ಹೊಂದದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾದರಿಯಂತೆ ಕಟ್ಟಿದ ಹಂಪಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್, ಮಾದರಿಯನ್ನು ಲೆಕ್ಕಿಸದೆ ಊರೂರಿನಲ್ಲಿ ಎದ್ದಿರುವ ಹಂಪುಗಳ ವಿಷಯ ಬೇರೆ. 2017ರಲ್ಲಿ ವೋಲ್ವೋ ಭಾರತಕ್ಕೆ ತಂದ ವಿ90 ವ್ಯಾಗನ್ ಎತ್ತರಿಸಿದ ಕ್ರಾಸ್ ಕಂಟ್ರಿ ಮಾದರಿಯಾಗಿದ್ದು ಆಕಸ್ಮಿಕವೇನಲ್ಲ. ಕಾನೂನಿನ ಅಡ್ಡಿಯೂ ಇದೆ: ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ವಿವರಗಳಿಂದ ದೂರ ಸರಿಯುವ ಮಾರ್ಪಾಡುಗಳಿಗೆ ಇಲ್ಲಿ ಕಡಿವಾಣ ಹಾಕುತ್ತದೆ. ಜರ್ಮನಿಯಲ್ಲಿ ದಾರಿ ತೆರೆದಿದ್ದರೂ ಸುಲಭದ್ದಲ್ಲ: ಸ್ಪ್ರಿಂಗಿನ ಜೊತೆ ತಾಂತ್ರಿಕ ಪ್ರಮಾಣಪತ್ರ ಬರುತ್ತದೆ, ಪರೀಕ್ಷಕರು ಜೋಡಣೆಯನ್ನು ನೋಡಿ ಒಪ್ಪಬೇಕು.

ಸ್ವೀಡನ್ನಿನವರಿಗಂತೂ ಚಕ್ರದ ಆಯ್ಕೆ ಒಮ್ಮೆಗೆ ಮುಗಿಯುವುದಿಲ್ಲ. ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದಾಗ ಚಳಿಗಾಲದ ಟೈರು ಅಲ್ಲಿ ಕಡ್ಡಾಯವಾದ್ದರಿಂದ ಬಹುತೇಕ ಮನೆಗಳಲ್ಲಿ ಒಂದೊಂದು ಕಾರಿಗೆ ಎರಡೆರಡು ಜೊತೆ ಚಕ್ರಗಳಿರುತ್ತವೆ. ಬೇಸಿಗೆಗೆ 16 ಇಂಚಿನ ಕೊಲಂಬಾ ಹಾಕಿಕೊಂಡವರು ಚಳಿಗಾಲಕ್ಕೆ 15 ಇಂಚಿನ ಚಕ್ರವನ್ನೂ 195/60ರ ಎತ್ತರದ ಗೋಡೆಯ ಟೈರನ್ನೂ ಆರಿಸುವುದು ಸರಿಯಾದ ಕ್ರಮ, ಏಕೆಂದರೆ ಉಪ್ಪು ಸುರಿದ ರಸ್ತೆಯಲ್ಲಿ ಒಳ್ಳೆಯ ಚಕ್ರದ ಮೆರುಗು ಉಳಿಯದು, ಹಿಮದಡಿಯ ಹೊಂಡ ಕಾಣುವುದೂ ಇಲ್ಲ. ಆದರೆ ಮುಂದಿನ ಬ್ರೇಕಿನ ಕ್ಯಾಲಿಪರಿಗೆ ಆ ಚಕ್ರದೊಳಗೆ ಜಾಗವಿದೆಯೇ ಎಂದು ನವೆಂಬರಿಗೆ ಮುಂಚೆಯೇ ಒಂದು ಚಕ್ರವನ್ನು ಹಾಕಿ, ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿಕೊಂಡಿರಬೇಕು.