ಹೊರ್ತಿಯಲ್ಲಿ ನಿಂತ ಎರಡು ಕಾರುಗಳು

ನಮ್ಮ ಊರು ಹೊರ್ತಿ. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋದವರೆಲ್ಲ ಅದನ್ನು ನೋಡಿಯೇ ಇರುತ್ತಾರೆ. ನೋಡಿದ ನೆನಪು ಮಾತ್ರ ಯಾರಿಗೂ ಇರುವುದಿಲ್ಲ. ಹಾದಿ ಅಷ್ಟು ಚೆನ್ನಾಗಿದೆ. 2021ರ ಫೆಬ್ರುವರಿಯಲ್ಲಿ ಈ ಹೆದ್ದಾರಿಯ ಒಂದು ಪಥದಲ್ಲಿ 25 ಕಿಲೋಮೀಟರಿಗೂ ಮಿಕ್ಕಿ ಡಾಂಬರನ್ನು 18 ತಾಸಿನಲ್ಲಿ ಹಾಕಿ ಮುಗಿಸಿದರೆಂದು ಪತ್ರಿಕೆಗಳಲ್ಲಿ ಬಂದಿತ್ತು. ಅಂಥ ಹಾದಿಯ ಬದಿಗೆ ನಮ್ಮ ತಂದೆಯವರ ಗ್ಯಾರೇಜು. ಗ್ಯಾರೇಜೆಂದರೆ ಒಂದು ತಗಡಿನ ಚಪ್ಪರ, ಒಂದು ಬೇವಿನ ಮರ, ಎರಡು ಡಬ್ಬಿ ಪಾನಾ.

ಹೋದ ಬನ್ನಿ ಹಬ್ಬದ ಮರುವಾರ ಅದರ ಮುಂದೆ ಒಂದು ಎಂ.ಜಿ. ಟಿ.ಸಿ. ಕಾರು ಬಂದು ನಿಂತಿತು. 1945ರಿಂದ 1949ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಮಾದರಿ ಅದು. ಎರಡೇ ಆಸನ, ತಂತಿಕಡ್ಡಿಯ ಎತ್ತರದ ಗಾಲಿ, ಮುಂದಕ್ಕೆ ಮಲಗಿಸಬಹುದಾದ ಗಾಜು, 1250 ಸಿ.ಸಿ. ಎಂಜಿನ್ನು, 54 ಅಶ್ವಶಕ್ತಿ. ಮೈಯ ತಗಡಿನೊಳಗೆ ಮರದ ಚೌಕಟ್ಟು! ಓಣಿಯ ಬಡಿಗೇರ ಕಾಕಾ ಇದನ್ನು ಕೇಳಿ, "ಹಂಗಾದ್ರ ಇದು ನಮ್ಮ ಚಕ್ಕಡಿಯ ಬೀಗ" ಎಂದರು.

ಪೆಟ್ರೋಲಿನೊಳಗಿನ ಕಸ ಕಾರ್ಬ್ಯುರೇಟರಿನ ಸೂಜಿಗೆ ಸಿಕ್ಕಿ ಪೆಟ್ರೋಲು ಹೊರಗೆ ಸುರಿಯುತ್ತಿತ್ತು. ತಂದೆಯವರು ಹುಟ್ಟಿದಾಗಿನಿಂದ ಅಂಥ ಕಾರನ್ನು ಕಂಡವರಲ್ಲ. ಸುತ್ತಲೂ ಒಮ್ಮೆ ತಿರುಗಿ ಬಂದರು. ಬಾನೆಟ್ಟಿನ ಒಂದು ಮಗ್ಗುಲು ಎತ್ತಿ ವಾಸನೆ ನೋಡಿದರು. ಎರಡು ಕಾರ್ಬ್ಯುರೇಟರುಗಳಲ್ಲಿ ಒಂದರ ಮುಚ್ಚಳ ಬಿಚ್ಚಿ, ಸೂಜಿ ತೆಗೆದು, ಬಾಯಿಂದ ಊದಿ, ಒರೆಸಿ, ಮತ್ತೆ ಕೂಡಿಸಿದರು. ತರಿಸಿದ ಚಹ ಆರುವುದರೊಳಗೆ ಕಾರು ಗುಡುಗಿತು. ಮಾಲಕರು ಸಂತೋಷದಿಂದ ಅವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ರೇವಣಸಿದ್ಧೇಶ್ವರನ ಗುಡಿಯವರೆಗೆ ಹೋಗಿ ಬಂದರು. ತಿರುಗಿ ಬಂದಾಗ ತಂದೆಯವರ ಟೊಪ್ಪಿಗೆ ಕೈಯಲ್ಲಿತ್ತು, ಕಣ್ಣಲ್ಲಿ ನೀರಿತ್ತು. ಗಾಳಿಗೆ, ಎಂದರು.

ಎರಡನೆಯ ಕಾರು ಬಂದದ್ದು ಯುಗಾದಿಯ ಮುಂದೆ. ಶ್ರೀಮಂತರ ಹೊಸ ಕಾರು, ಹೆಸರು ಬೇಡ. ಒಳಗೆ ತಲೆ ಹಾಕಿದೆ. ಹೊರಗೆ ಕೆಂಡದಂಥ ಬಿಸಿಲು, ಒಳಗೆ ಮಾಘಮಾಸ! ಆಸನವೇ ಬೆನ್ನು ತಿಕ್ಕುತ್ತದಂತೆ. ನ್ಯಾಯವಾಗಿ ಹೇಳಬೇಕೆಂದರೆ, ಅವ್ವನನ್ನು ದವಾಖಾನೆಗೆ ಒಯ್ಯುವ ಪ್ರಸಂಗ ಬಂದರೆ ನಾನು ಇದನ್ನೇ ಆರಿಸಿಯೇನು. ಆ ಹಳೆಯದು ಗಾಳಿಚೀಲವನ್ನು ಕನಸಿನಲ್ಲಿಯೂ ಕಂಡದ್ದಲ್ಲ. ಆದರೆ ಹೊಸದು ನಿಂತುಬಿಟ್ಟಿತ್ತು. ಪರದೆಯ ಮೇಲೆ ಒಂದು ಕೆಂಪು ಗುರುತು, ಅಷ್ಟೆ. ತಂದೆಯವರು ಬಾನೆಟ್ಟು ಎತ್ತಿದರೆ ಕೆಳಗೆ ಇನ್ನೊಂದು ಮುಚ್ಚಳ, ಕಪ್ಪು ಪ್ಲಾಸ್ಟಿಕ್ಕಿನದು. ಇಂಥ ಕಾರುಗಳಲ್ಲಿ ಹತ್ತಾರು ಚಿಕ್ಕ ಕಂಪ್ಯೂಟರುಗಳು ತಮ್ಮೊಳಗೇ ಮಾತಾಡಿಕೊಳ್ಳುತ್ತವೆ. ಅವುಗಳ ಜಗಳ ಏನೆಂದು ತಿಳಿಯಲು ಮತ್ತೊಂದು ಯಂತ್ರವೇ ಬೇಕು. ಚಾಲಕ ಫೋನಿನಲ್ಲಿ ಯಾರನ್ನೋ ಕೇಳಿ, "ಕಾಕಾ, ಮುಟ್ಟಬ್ಯಾಡ್ರಿ, ಗ್ಯಾರಂಟಿ ಹೋಗ್ತದಂತ" ಎಂದ. ಸಂಜೆಗೆ ಲಾರಿಯೊಂದು ಬಂದು ಅದನ್ನು ಹೊತ್ತುಕೊಂಡು ಹೋಯಿತು.

ತಂದೆಯವರು ಎಣ್ಣೆಯೇ ಹತ್ತದ ಪಾನಾವನ್ನು ಒರೆಸಿ ಡಬ್ಬಿಯಲ್ಲಿಟ್ಟರು. ಊಟಕ್ಕೆ ಕೂತಾಗ ಕೇಳಿದರು: "ನಿಮ್ಮ ಕಾಲೇಜಿನ್ಯಾಗ ಅದನ್ನ ಕಲಸ್ತಾರೇನು?"

ನಾನು ಇತಿಹಾಸದ ವಿದ್ಯಾರ್ಥಿ. "ಇಲ್ಲಪ್ಪ" ಎಂದೆ.

"ಎಲ್ಲಿ ಕಲಸ್ತಾರ, ಕೇಳಿಕೊಂಡು ಬಾ."

ನನಗಾಗಿ ಕೇಳಿದರೋ ತಮಗಾಗಿಯೋ ತಿಳಿಯಲಿಲ್ಲ, ಅವರಿಗೀಗ ಐವತ್ತೆಂಟು. ಮೊನ್ನೆ ವಿಜಯಪುರದಲ್ಲಿ ವಿಚಾರಿಸಿ ಬಂದಿದ್ದೇನೆ. ಇನ್ನೂ ಅವರಿಗೆ ಹೇಳಿಲ್ಲ.