ಪಕ್ಕದ ಮನೆಯ ಒಂಬತ್ತು ದೀಪ

2024ರಲ್ಲಿ ಹನುಕ್ಕಾದ ಮೊದಲ ದೀಪ ಹಚ್ಚುವ ಸಂಜೆ ಡಿಸೆಂಬರ್ 25ಕ್ಕೇ ಬಿತ್ತು. 2005ರ ನಂತರ ಹೀಗಾದದ್ದು ಅದೇ ಮೊದಲು. ನ್ಯೂಜೆರ್ಸಿಯ ನಮ್ಮ ಪುಟ್ಟ ಕನ್ನಡ ಪ್ರಾರ್ಥನಾ ಕೂಟಕ್ಕೆ ಇದು ಗೊತ್ತಾದದ್ದೇ ತಡ, ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಯಾರಾದ್ರೂ ಹತ್ತು ನಿಮಿಷ ಹನುಕ್ಕಾ ಬಗ್ಗೆ ಮಾತಾಡ್ಬೇಕು ಅಂತ ತೀರ್ಮಾನವಾಯ್ತು. ನಾನು ಕೈ ಎತ್ತಿದೆ. ಆ ಧೈರ್ಯಕ್ಕೆ ಕಾರಣ ಪಕ್ಕದ ಮನೆಯ ಅಜ್ಜಿ. ಎಂಬತ್ತು ದಾಟಿದ ಯೆಹೂದಿ ಹೆಂಗಸು, ಒಬ್ಬರೇ ಇರೋದು. ಏಳು ವರ್ಷದಿಂದ ನಮ್ಮಿಬ್ಬರ ನಡುವೆ ಡಬ್ಬಿ ವಿನಿಮಯ ನಡೀತಾ ಇದೆ.

ಮಾತು ಸಿದ್ಧ ಮಾಡೋದು ಒಂದು ರಾತ್ರಿಯ ಕೆಲಸವಾಯ್ತು. ಎಂಟು ದೀಪ, ಅವನ್ನು ಹಚ್ಚಲು ಒಂಬತ್ತನೆಯದು. ಅದರ ಹೆಸರು ಶಮಾಷ್, ಅಂದ್ರೆ ಸೇವಕ. ಸೇವಕನಾಗಿ ಬಂದವನು ಯಾರು? ಯೇಸು. ತಾನು ಲೋಕಕ್ಕೆ ಬೆಳಕು ಅಂತ ಅವನು ಹೇಳಿದ್ದು ಯಾವ ಹಬ್ಬದಲ್ಲಿ? ಇದೇ ಹಬ್ಬದಲ್ಲಿ ಅಂತ ಬರೆದುಬಿಟ್ಟೆ. ಆಮೇಲೆ ಯೋಹಾನನ ಸುವಾರ್ತೆ ತೆಗೆದು ನೋಡಿದರೆ ಆ ಮಾತು ಇರೋದು ಎಂಟನೇ ಅಧ್ಯಾಯದಲ್ಲಿ, ಪರ್ಣಶಾಲೆಗಳ ಹಬ್ಬದ ಪ್ರಸಂಗದ ಬೆನ್ನಿಗೆ. ಹನುಕ್ಕಾ ಬರೋದು ಹತ್ತನೇ ಅಧ್ಯಾಯದ 22ನೇ ವಚನದಲ್ಲಿ, 'ಪ್ರತಿಷ್ಠೆಯ ಹಬ್ಬ' ಅಂತ. ಎಷ್ಟು ಸಲ ಓದಿದ್ದೀನೋ, ಯಾವ ಹಬ್ಬ ಅಂತ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ದೀಪದ ಸ್ಟ್ಯಾಂಡ್ ಎರವಲು ಕೇಳೋಕೆ ಹೋದೆ. "ಕೊಡ್ತೀನಿ, ಏನು ಹೇಳ್ತೀಯ ಅಂತ ಮೊದಲು ಓದು" ಅಂದರು. ಇಂಗ್ಲಿಷಿಗೆ ಮಾಡಿ ಓದಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು.

"ಚೆನ್ನಾಗಿದೆ. ಇದರಲ್ಲಿ ನಾವೆಲ್ಲಿದ್ದೀವಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರೇ ಮಾತು ಮುಂದುವರಿಸಿದರು. ಈ ದೀಪವನ್ನು ಬೀದಿಗೆ ಕಾಣುವ ಹಾಗೆ ಇಡಬೇಕು, ನಡೆದದ್ದು ನಾಲ್ಕು ಜನಕ್ಕೆ ಗೊತ್ತಾಗಬೇಕು ಅನ್ನೋದು ನಿಯಮವಂತೆ. ಆದರೆ ಅಪಾಯದ ಕಾಲದಲ್ಲಿ ಒಳಗೆ ಮೇಜಿನ ಮೇಲಿಟ್ಟರೂ ಸಾಕು, ಅದೂ ತಾಲ್ಮುದ್‌ನಲ್ಲೇ ಇದೆ. "ನಮ್ಮಮ್ಮ ಯಾವಾಗಲೂ ಅಡುಗೆಮನೆಯಲ್ಲೇ ಇಡ್ತಿದ್ದಳು. ಬೀದಿಯಲ್ಲೆಲ್ಲ ಕ್ರೈಸ್ತರ ಮನೆ. ಯಾರೂ ಏನೂ ಮಾಡಿರಲಿಲ್ಲ. ಆದರೂ ಪರದೆ ಎಳೆದು ಹಚ್ಚೋಳು."

ಮನೆಗೆ ಬಂದು ಬರೆದದ್ದನ್ನು ಬದಿಗಿಟ್ಟೆ. ಹುಬ್ಬಳ್ಳಿಯಲ್ಲಿ ನಮ್ಮ ಸಂಡೇ ಸ್ಕೂಲಿನ ಶುಭ ಶುಕ್ರವಾರದ ನಾಟಕ ನೆನಪಾಯ್ತು. ಹತ್ತಿಯ ಗಡ್ಡ ಅಂಟಿಸಿಕೊಂಡು "ಶಿಲುಬೆಗೆ ಹಾಕ್ರಿ" ಅಂತ ಕೂಗುವ ಗುಂಪಿನಲ್ಲಿ ನಾನಿದ್ದೆ. ಆ ಗುಂಪಿನ ಹೆಸರು 'ಯೆಹೂದ್ಯರು'. ಯೇಸು, ಮರಿಯಳು, ಪೇತ್ರ ಯಾರು ಅಂತ ಕೇಳಿದ್ದರೆ ನಾವು ಏನಂತಿದ್ದೆವೋ! ಹುಬ್ಬಳ್ಳಿಯಲ್ಲಿ ನಾವ್ಯಾರೂ ಒಬ್ಬ ಯೆಹೂದಿಯನ್ನೂ ಕಂಡವರಲ್ಲ, ಹಾಗಾಗಿ ಅದು ಯಾರಿಗೂ ತಾಗಲಿಲ್ಲ. ಯೂರೋಪಿನಲ್ಲಿ ತಾಗಿತು, ಶತಮಾನಗಟ್ಟಲೆ.

ಮಕ್ಕಬಿಯರ ಪುಸ್ತಕ ಹುಡುಕಿದೆ. ನಮ್ಮ ಪ್ರೊಟೆಸ್ಟಂಟ್ ಬೈಬಲಿನಲ್ಲಿ ಅದಿಲ್ಲ, ಕೆಥೊಲಿಕ್ ಗೆಳತಿಯ ಬೈಬಲ್ ತರಿಸಿಕೊಂಡೆ. ಇನ್ನೊಂದು ವಿಚಿತ್ರ, ಯೆಹೂದ್ಯರ ಪವಿತ್ರ ಗ್ರಂಥದಲ್ಲೂ ಅದಿಲ್ಲ. ಅವರ ಹಬ್ಬದ ಇತಿಹಾಸ ಕ್ರೈಸ್ತರು ಕಾಪಾಡಿಕೊಂಡ ಗ್ರೀಕ್ ಬೈಬಲಿನಲ್ಲಿ ಉಳಿದು ಬಂದಿದೆ. ಒಂದು ದಿನದ ಎಣ್ಣೆ ಎಂಟು ದಿನ ಉರಿದ ಕಥೆ ಮಾತ್ರ ಅಲ್ಲಿಲ್ಲ, ಅದು ತಾಲ್ಮುದ್‌ನದು.

ಅಲ್ಲಿರೋದು ಹೀಗೆ. ಕ್ರಿ.ಪೂ. 167ರಲ್ಲಿ ನಾಲ್ಕನೇ ಆಂಟಿಯೋಕಸ್ ಅನ್ನೋ ಗ್ರೀಕ್ ದೊರೆ ಯೆರೂಸಲೇಮಿನ ದೇವಾಲಯದ ಬಲಿಪೀಠವನ್ನು ಹೊಲಸು ಮಾಡಿಸಿದ. ಸುನ್ನತಿ ಮಾಡಿಸಿದರೆ ಸಾವು, ಧರ್ಮಶಾಸ್ತ್ರದ ಸುರುಳಿ ಸಿಕ್ಕಿದರೆ ಸಾವು. ಮೋದೀನ್ ಅನ್ನೋ ಊರಿನ ಯಾಜಕನ ಮಕ್ಕಳು ಬೆಟ್ಟ ಹತ್ತಿ ಯುದ್ಧಕ್ಕೆ ನಿಂತರು. ಕ್ರಿ.ಪೂ. 164ರ ಚಳಿಗಾಲದಲ್ಲಿ ಯೂದ ಮಕ್ಕಬಿ ದೇವಾಲಯ ವಾಪಸ್ ಪಡೆದು ಶುದ್ಧಿ ಮಾಡಿ ಮತ್ತೆ ಪ್ರತಿಷ್ಠೆ ಮಾಡಿದ. ಅವರು ಸೋತು ಆ ಜನ ತಮ್ಮ ದೇವರನ್ನೇ ಮರೆತಿದ್ದರೆ? ನಜರೇತಿನ ಮರಿಯಳಿಗೆ ಹಾಡೋಕೆ ಕೀರ್ತನೆಗಳೇ ಇರುತ್ತಿರಲಿಲ್ಲ. ನಮ್ಮ ಕ್ರಿಸ್ಮಸ್ ಈ ಹಬ್ಬದ ಹೆಗಲ ಮೇಲೆ ಕೂತಿದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಒಂದು ಸಣ್ಣ ವಿವರ. ಹೊಲಸಾದ ಬಲಿಪೀಠದ ಕಲ್ಲುಗಳನ್ನು ಏನು ಮಾಡೋದು? ಬಿಸಾಡೋ ಹಾಗಿಲ್ಲ, ಬಳಸೋ ಹಾಗೂ ಇಲ್ಲ. ಬಿಚ್ಚಿ, ದೇವಾಲಯದ ಗುಡ್ಡದ ಮೇಲೆ ಒಂದು ಕಡೆ ಇಟ್ಟರಂತೆ, ಒಬ್ಬ ಪ್ರವಾದಿ ಬಂದು ಹೇಳುವ ತನಕ ಇರಲಿ ಅಂತ. ಅದೇ ಗುಡ್ಡ, ಅದೇ ಹಬ್ಬ, ಸುಮಾರು ಇನ್ನೂರು ವರ್ಷ ಕಳೆದಿದೆ. ಸೊಲೊಮೋನನ ಮಂಟಪದಲ್ಲಿ ಯೇಸು ಚಳಿಯಲ್ಲಿ ಅಡ್ಡಾಡ್ತಾ ಇದ್ದಾನೆ. ಜನ ಸುತ್ತುಗಟ್ಟಿ ಕೇಳ್ತಾರೆ, ನೀನು ಕ್ರಿಸ್ತನೋ ಅಲ್ಲವೋ, ಬಿಡಿಸಿ ಹೇಳು. ಚಿಕ್ಕಂದಿನಿಂದ ಇದು ಕುತರ್ಕದ ಪ್ರಶ್ನೆ ಅಂದುಕೊಂಡಿದ್ದೆ. ಕಾಯ್ತಾ ಇರುವ ಜನರ ಪ್ರಶ್ನೆಯೂ ಇದ್ದೀತು, ಅಲ್ವಾ? ಮೇಲೆ ರೋಮಿನ ಆಳ್ವಿಕೆ, ಹಬ್ಬ ನೋಡಿದರೆ ಬಿಡುಗಡೆಯದು. ಅವನೋ ತನ್ನನ್ನು ತಂದೆಯೇ ಪ್ರತಿಷ್ಠಿಸಿ ಕಳಿಸಿದ್ದು ಅನ್ನುವ ಅರ್ಥದ ಮಾತಾಡ್ತಾನೆ. ಪ್ರತಿಷ್ಠೆಯ ಹಬ್ಬದಲ್ಲಿ ಆ ಮಾತು! ವಿಶ್ವಾಸಿಯಾದ ನನಗೆ ಅಲ್ಲಿ ಮೈ ಜುಮ್ಮೆನ್ನುತ್ತೆ. ಕೆಲವರು ಕಲ್ಲು ಎತ್ತಿಕೊಂಡರು ಅನ್ನೋದೂ ಅದೇ ಅಧ್ಯಾಯದಲ್ಲಿದೆ, ಮುಚ್ಚಿಡಲಾರೆ. ಆದರೆ ಈ ಜಗಳ ಒಂದೇ ಮನೆಯವರ ನಡುವಿನದು. ನಾವು ಆಮೇಲೆ ಬಂದ ನೆಂಟರು, ಒಂದು ಕಡೆಯವರ ಪರವಾಗಿ ಇನ್ನೊಂದು ಕಡೆಯವರಿಗೆ ಹೊಡೆದೆವು.

ಡಿಸೆಂಬರ್ 22ರ ಭಾನುವಾರ ಇಷ್ಟನ್ನೇ ಹೇಳಿದೆ. ಶಮಾಷನ್ನು ಯೇಸು ಮಾಡಲಿಲ್ಲ. ದೀಪವನ್ನೂ ಒಯ್ಯಲಿಲ್ಲ. ಹಿರಿಯರೊಬ್ಬರಿಗೆ ಸಿಟ್ಟು ಬಂತು, "ಕ್ರಿಸ್ಮಸ್ ದಿನ ಯೆಹೂದ್ಯರ ವಕೀಲಿ ಮಾಡ್ದಿ ನೋಡವಾ" ಅಂದರು. ಅಯ್ಯನವರು ಕೇಕ್ ಕಡೆ ಕೈ ತೋರಿಸಿ ಮಾತು ತಿರುಗಿಸಿದರು. ಇಬ್ಬರು ಮಕ್ಕಳು ಬಂದು ಆ ಕಲ್ಲು ಈಗೆಲ್ಲಿದೆ ಅಂತ ಕೇಳಿದರು.

25ರ ಸಂಜೆ ಆರಾಧನೆ, ಊಟ ಎಲ್ಲ ಮುಗಿಸಿ ಕಲ್ಕಲ್ಸ್ ಡಬ್ಬಿ ಹಿಡಿದು ಪಕ್ಕದ ಮನೆಗೆ ಹೋದೆ. ಅಜ್ಜಿ ಆಲೂಗಡ್ಡೆ ತುರಿದು ಕರಿದ ಲಾಟ್ಕೆ ಮಾಡಿದ್ದರು. ಮೊದಲ ರಾತ್ರಿಗೆ ಒಂದೇ ದೀಪ, ಜೊತೆಗೆ ಶಮಾಷ್. ಮಂತ್ರ ಹೇಳಿ ಹಚ್ಚಿದರು, ನಾನು ಸುಮ್ಮನೆ ನಿಂತಿದ್ದೆ. ಆ ಬೆಳಕಿನಲ್ಲಿ ಓದೋದು, ಹೊಲಿಯೋದು ಏನೂ ಮಾಡೋ ಹಾಗಿಲ್ಲವಂತೆ, ನೋಡಬೇಕು ಅಷ್ಟೇ. ಹಾಗಾಗಿ ಅರ್ಧ ಗಂಟೆ ನೋಡ್ತಾ ಕೂತೆವು.

ಸ್ಟ್ಯಾಂಡ್ ಇಟ್ಟಿದ್ದು ಅಡುಗೆಮನೆಯ ಮೇಜಿನ ಮೇಲೆ. "ಕಿಟಕಿಗೆ ಇಡೋಣವಾ, ನಾನು ಎತ್ತಿಕೊಡ್ತೀನಿ" ಅಂದೆ.

"ನಾಳೆ ನೋಡೋಣ," ಅಂದರು. "ಲಾಟ್ಕೆ ಆರಿಹೋಗ್ತಿದೆ, ತಿನ್ನು."