ಬಿಡಿಭಾಗ

ನಮ್ಮ ಹೆಂಗಸರಿಗೆ ಒಂದು ಅಭ್ಯಾಸವಿದೆ. ಕೆಟ್ಟ ಸಾಮಾನನ್ನು ಸುಲಭಕ್ಕೆ ಎಸೆಯುವುದಿಲ್ಲ. ಹಳೇ ಮಿಕ್ಸಿಯ ಜಾರು, ಕುಕ್ಕರಿನ ಹಿಡಿ, ನಿಂತುಹೋದ ಗಡಿಯಾರ ಎಲ್ಲವೂ ಅಟ್ಟ ಸೇರುತ್ತವೆ. ‘ಯಾವತ್ತಾದರೂ ಬೇಕಾದೀತು’ ಎಂಬುದು ನಮ್ಮ ವಾದ. ‘ಇದೇನು ಮನೆಯೋ ಗುಜರಿ ಅಂಗಡಿಯೋ’ ಎಂಬುದು ಗಂಡಸರ ಆಕ್ಷೇಪ. ಈಗ ನಮ್ಮ ಪರವಾಗಿ ಸಾಕ್ಷಿ ಹೇಳಲು ಒಬ್ಬರು ಸಿಕ್ಕಿದ್ದಾರೆ: ಸಾಕ್ಷಾತ್ ಅಮೆರಿಕದ ವಾಯುಪಡೆ!

ಅವರ ಬಳಿ ಬಿ-52 ಎಂಬ ಬಾಂಬರ್ ವಿಮಾನಗಳಿವೆ. ಎಂಟು ಎಂಜಿನ್ನುಗಳ ದೈತ್ಯ ವಿಮಾನ. ಮೊದಲ ಸಲ ಹಾರಿದ್ದು 1952ರಲ್ಲಿ. ಒಟ್ಟು 744 ತಯಾರಾದವು. ಕೊನೆಯದು ಕಾರ್ಖಾನೆಯಿಂದ ಹೊರಬಂದದ್ದು 1962ರಲ್ಲಿ. ಈಗ ಸೇವೆಯಲ್ಲಿರುವುದು ಸುಮಾರು 75. ಐವತ್ತು ದಾಟಿದ ನನಗಿಂತಲೂ ಅವು ಹಿರಿಯವು. ನಾನು ನಿವೃತ್ತಿಯ ದಿನ ಎಣಿಸುತ್ತಿದ್ದರೆ ಅವುಗಳಿಗೆ 2050ರ ದಶಕದವರೆಗೂ ಕೆಲಸ ಕಾದಿದೆ. ಒಂದೇ ಮನೆತನದ ಅಜ್ಜ, ಮಗ, ಮೊಮ್ಮಗ ಮೂವರೂ ಇದೇ ವಿಮಾನದಲ್ಲಿ ದುಡಿದದ್ದುಂಟು.

ಮೈಕಟ್ಟು ಗಟ್ಟಿಯಿದ್ದರೆ ಸಾಲದಲ್ಲ, ನರಗಳೂ ನೆಟ್ಟಗಿರಬೇಕು. ಲೋಹದ ತಗಡನ್ನು ಹೇಗಾದರೂ ಬಡಿದು ಹೊಸದು ಮಾಡಿಕೊಳ್ಳಬಹುದು. ಎಲೆಕ್ಟ್ರಾನಿಕ್ ಬಿಡಿಭಾಗಗಳು ಹಾಗಲ್ಲ. ಆ ವಿಮಾನ ಹುಟ್ಟಿದಾಗ ಅದರೊಳಗಿದ್ದದ್ದು ನಮ್ಮ ತಂದೆಯ ಕಾಲದ ರೇಡಿಯೋದಲ್ಲಿದ್ದಂಥ ವಾಲ್ವುಗಳು. ಆಮೇಲೆ ಟ್ರಾನ್ಸಿಸ್ಟರ್ ಬಂತು, ಚಿಪ್ ಬಂತು. ಚಿಪ್ ತಯಾರಿಸುವವರಿಗೆ ಲಕ್ಷಗಟ್ಟಲೆ ಕೊಳ್ಳುವ ಫೋನು, ಟಿವಿ ಕಂಪನಿಗಳು ಬೇಕು. ಹಳೇ ನಮೂನೆಯವನ್ನು ಬೆರಳೆಣಿಕೆಯಷ್ಟು ಕೇಳುವ ಗಿರಾಕಿಗಾಗಿ ಯಾರು ಯಂತ್ರ ತಿರುಗಿಸುತ್ತಾರೆ? ‘ಆ ಮಾಡೆಲ್ ಬರೋದು ನಿಂತುಹೋಯ್ತು ಮೇಡಂ’ ಎಂದು ಮಿಕ್ಸಿ ರಿಪೇರಿಯವನು ನನಗೆ ಹೇಳುವ ಮಾತನ್ನೇ ಸೇನೆಯೂ ಕೇಳಬೇಕು. ಅದಕ್ಕೇ ತಯಾರಿಕೆ ನಿಲ್ಲುವ ಮೊದಲೇ ವರ್ಷಗಟ್ಟಲೆಗೆ ಆಗುವಷ್ಟು ಕೊಂಡಿಡುತ್ತಾರೆ, ನಾವು ಬೇಸಿಗೆಯಲ್ಲಿ ಹುಣಸೆಹಣ್ಣು, ಮೆಣಸಿನಕಾಯಿ ತುಂಬಿಡುವ ಹಾಗೆ.

ಅವರಿಗೊಂದು ಅಟ್ಟವೂ ಇದೆ. ಅರಿಜೋನಾದ ಟಕ್ಸನ್ ಊರಿನ ಬಳಿ ಮರುಭೂಮಿಯಲ್ಲಿ ಸಾವಿರಾರು ಹಳೇ ವಿಮಾನಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಅಲ್ಲಿಯ ಒಣ ಹವೆಗೆ ತುಕ್ಕು ಬೇಗ ಹಿಡಿಯುವುದಿಲ್ಲ. ಬೇಕಾದ ಭಾಗವನ್ನು ಬಿಚ್ಚಿ ತರುತ್ತಾರೆ. 2015ರಲ್ಲಿ ಒಂದು, 2019ರಲ್ಲಿ ಇನ್ನೊಂದು, ಹೀಗೆ ಎರಡು ಬಿ-52ಗಳನ್ನು ಇಡಿಯಾಗಿಯೇ ಎಬ್ಬಿಸಿ ಹಾರಿಸಿಕೊಂಡು ಹೋದರು.

ಕೊರತೆಯಿದ್ದಲ್ಲಿ ಕಳ್ಳರೂ ಇರುತ್ತಾರೆ. ಅಮೆರಿಕದ ಸೆನೆಟ್ ಸಮಿತಿಯೊಂದು 2012ರಲ್ಲಿ ಕೊಟ್ಟ ವರದಿಯಲ್ಲಿ, ಸೇನೆಯ ಸರಬರಾಜಿನೊಳಗೆ ನಕಲಿ ಎಂಬ ಶಂಕೆಯ ಸುಮಾರು 1,800 ಪ್ರಕರಣಗಳಿದ್ದವು. ಬಿಡಿಭಾಗಗಳ ಲೆಕ್ಕ ಹತ್ತು ಲಕ್ಷ ಮೀರಿತ್ತು. ಎಸೆದ ಯಂತ್ರಗಳಿಂದ ಚಿಪ್ಪುಗಳನ್ನು ಕಿತ್ತು, ತೊಳೆದು, ಹಳೆಯ ಅಕ್ಷರ ಉಜ್ಜಿ, ಹೊಸ ಅಕ್ಷರ ಅಚ್ಚೊತ್ತುವುದು. ಉಟ್ಟ ಸೀರೆಗೆ ಗಂಜಿ ಹಾಕಿ ಹೊಸದೆಂದು ಮಾರಿದ ಹಾಗೆ!

ಇಷ್ಟು ಜೋಪಾನ ಕಂಡಾಗ ಗೃಹಿಣಿಯಾಗಿ ನನಗೆ ಮೆಚ್ಚುಗೆಯೇ. ಆದರೆ ಆ ಮೆಚ್ಚುಗೆ ಗಂಟಲಲ್ಲೇ ನಿಲ್ಲುತ್ತದೆ. 1972ರ ಡಿಸೆಂಬರಿನಲ್ಲಿ ಹನೋಯ್ ನಗರದ ಮೇಲೆ ಬಾಂಬು ಸುರಿಸಿದ್ದು ಇವೇ ವಿಮಾನಗಳು. ಆಸ್ಪತ್ರೆಯೊಂದರ ಮೇಲೂ ಬಾಂಬು ಬಿತ್ತು. ಖಾಮ್ ಥಿಯೆನ್ ಎಂಬ ಬೀದಿಯಲ್ಲಿ ಮನೆಮನೆಗಳೇ ನೆಲಸಮವಾದವು. ಅಲ್ಲೀಗ ಒಂದು ಪ್ರತಿಮೆಯಿದೆ: ಸತ್ತ ಮಗುವನ್ನು ತೋಳಲ್ಲಿ ಹಿಡಿದು ನಿಂತ ಹೆಂಗಸು.

ವಿಮಾನದ ಒಂದೊಂದು ತಿರುಪಿಗೂ ಲೋಕವನ್ನೆಲ್ಲ ಜಾಲಾಡಿ ಬದಲಿ ತರುತ್ತಾರೆ. ಆ ತಾಯಿ ಯಾವ ಅಟ್ಟ ಹತ್ತಿ ಹುಡುಕಬೇಕು?